ನವನಗರದಿಂದ ಟೊರೊಂಟೊಗೆ ಹೋದ ಅಂಕಪಟ್ಟಿ

ಪ್ರವೇಶದ ಹಂಗಾಮು ಬಂದರೆ ನಮ್ಮ ಭಾಗದ ಪತ್ರಿಕೆಗಳ ಒಳಪುಟಗಳಲ್ಲಿ ಫಾರ್ಮಸಿ ಕಾಲೇಜುಗಳ ಜಾಹೀರಾತು ಶುರುವಾಗುತ್ತದೆ. ಪಿಸಿಐ, ಎಐಸಿಟಿಇ, ನ್ಯಾಕ್, ಎನ್‌ಬಿಎ ಎಂದು ಕಾಲೇಜುಗಳಿಗೆ ಅನುಮೋದನೆ, ಮಾನ್ಯತೆ ಕೊಡುವ ಸಂಸ್ಥೆಗಳ ಅಕ್ಷರಗಳ ಸಾಲು, ಅದರ ಮಗ್ಗುಲಲ್ಲಿ ಒಂದು ವಿಮಾನದ ಚಿತ್ರ. ವಿಮಾನಕ್ಕೂ ಆ ಅಕ್ಷರಗಳಿಗೂ ಏನು ಸಂಬಂಧ ಎಂಬುದನ್ನು ಮಾತ್ರ ಯಾರೂ ಬರೆದಿರುವುದಿಲ್ಲ. ನಾನು ಬಾಗಲಕೋಟೆಯ ನವನಗರದಲ್ಲಿ ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಕೆಲಸ ಮಾಡುವವಳು. ಬಿ.ಫಾರ್ಮಾ ಮುಗಿಸಿ ಹತ್ತು ವರ್ಷ ದಾಟಿದ ಮೇಲೆ, ಕೆನಡಾದಲ್ಲಿ ಫಾರ್ಮಸಿಸ್ಟ್ ಆಗಲು ಸಾಧ್ಯವೇ ನೋಡೋಣ ಎಂದು ಹೊರಟಾಗ ಆ ಸಂಬಂಧವನ್ನು ಹುಡುಕುವುದೇ ಮೊದಲ ಕೆಲಸವಾಯಿತು.

ಎಲ್ಲರಂತೆ ನಾವೂ ಮೊದಲು ಬೆಳಗಾವಿಯ ಒಬ್ಬ ಸಲಹೆಗಾರರ ಕಚೇರಿಗೆ ಹೋದೆವು. ಮೇಜಿನ ಮೇಲೆ ನಾಲ್ಕೈದು ದೇಶಗಳ ಪುಟ್ಟ ಬಾವುಟಗಳಿದ್ದವು.

"ನೀವು ಓದಿದ ಕಾಲೇಜಿಗೆ ಎನ್‌ಬಿಎ ಇದೆಯೇ ಅಕ್ಕಾವರೇ?"

"ಇತ್ತೀಚೆಗೆ ಬಂದಿದೆಯಂತೆ."

"ಹಾಗಾದರೆ ಚಿಂತೆ ಬಿಡಿ. ನಮ್ಮ ದೇಶ ವಾಷಿಂಗ್ಟನ್ ಒಪ್ಪಂದಕ್ಕೆ ಸಹಿ ಹಾಕಿದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಎಲ್ಲ ಕಡೆ ನಿಮ್ಮ ಪದವಿ ನಡೆಯುತ್ತದೆ."

ನಮ್ಮವರು ಸಿವಿಲ್ ಎಂಜಿನಿಯರ್. ಅವರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕುಳಿತು, "ಸರ್, ಆ ಒಪ್ಪಂದ ನಮ್ಮದು, ಇವರದ್ದಲ್ಲ" ಎಂದರು. ಮಾತು ಅಲ್ಲಿಗೇ ನಿಂತಿತು. ನಿಜವೂ ಅದೇ. ವಾಷಿಂಗ್ಟನ್ ಒಪ್ಪಂದ ಎಂಜಿನಿಯರಿಂಗ್ ಪದವಿಗಳಿಗೆ ಮಾತ್ರ ಸಂಬಂಧಿಸಿದ್ದು. 2014ರಲ್ಲಿ ಎನ್‌ಬಿಎ ಮೂಲಕ ಭಾರತ ಅದರ ಪೂರ್ಣ ಸದಸ್ಯನಾಯಿತು. ಎನ್‌ಬಿಎ ಫಾರ್ಮಸಿ ಕೋರ್ಸುಗಳನ್ನೂ ಪರಿಶೀಲಿಸಿ ಮಾನ್ಯತೆ ಕೊಡುತ್ತದೆ ನಿಜ, ಆದರೆ ಆ ಮಾನ್ಯತೆಯನ್ನು ಹಿಡಿದುಕೊಂಡು ಬೇರೆ ದೇಶದಲ್ಲಿ ಗುಳಿಗೆ ಕೊಡುವ ಹಕ್ಕು ಕೇಳಲು ಬರುವುದಿಲ್ಲ. ಸಲಹೆಗಾರರು ಅಷ್ಟಕ್ಕೇ ಬಿಡದೆ, ನಮ್ಮ ಪದವಿ ಅಲ್ಲಿನ ಯಾವುದಕ್ಕೆ ಸಮ ಎಂದು ಹೇಳುವ ಶೈಕ್ಷಣಿಕ ಮೌಲ್ಯಮಾಪನಕ್ಕೆ ಡಬ್ಲ್ಯುಇಎಸ್ ಸಂಸ್ಥೆಗೆ ಅರ್ಜಿ ಹಾಕಿಸುತ್ತೇವೆ, ಮುಂಗಡ ಕಟ್ಟಿ ಎಂದರು. ನಾವು ಎದ್ದು ಬಂದೆವು. ಫಾರ್ಮಸಿಸ್ಟ್ ಆಗಿ ಕೆನಡಾಕ್ಕೆ ವಲಸೆ ಹೋಗಬೇಕೆಂದರೆ ಆ ಮೌಲ್ಯಮಾಪನವನ್ನೂ ಅಲ್ಲಿನ ಫಾರ್ಮಸಿ ಪರೀಕ್ಷಾ ಮಂಡಳಿಯಿಂದಲೇ ಪಡೆಯಬೇಕು. ನನ್ನ ಜೊತೆ ಓದಿದವಳೊಬ್ಬಳು ಇದು ತಿಳಿಯದೆ ಎರಡೂ ಕಡೆ ಹಣ ಕಟ್ಟಿದ್ದಳು.

ಆ ಅಕ್ಷರಗಳ ಸಾಲಿನಲ್ಲಿ ನನಗೆ ನಿಜವಾಗಿ ಬೇಕಾದದ್ದು ಒಂದೇ, ಪಿಸಿಐ. ಭಾರತೀಯ ಫಾರ್ಮಸಿ ಪರಿಷತ್ತು 1948ರ ಫಾರ್ಮಸಿ ಕಾಯ್ದೆಯಿಂದ ಹುಟ್ಟಿದ್ದು. ಅದರ 12ನೇ ಕಲಮಿನಡಿ ಕೋರ್ಸಿಗೆ ಮತ್ತು ಪರೀಕ್ಷೆಗೆ ಅನುಮೋದನೆ ಇದ್ದರೆ ಮಾತ್ರ ಆ ಪದವಿ ಹಿಡಿದು ರಾಜ್ಯದ ಪರಿಷತ್ತಿನಲ್ಲಿ ಫಾರ್ಮಸಿಸ್ಟ್ ಎಂದು ನೋಂದಣಿ ಮಾಡಿಸಬಹುದು. ಹಲವು ದೇಶಗಳು ಈ ನೋಂದಣಿಯ ಪುರಾವೆಯನ್ನೇ ಕೇಳುತ್ತವೆ. ಕಾಲೇಜಿಗೆ ಎಷ್ಟು ಅಂಕ ಬಂತು, ಯಾವ ದರ್ಜೆ ಸಿಕ್ಕಿತು ಎಂದು ಕೇಳುವುದಿಲ್ಲ. ಫಾರ್ಮಸಿ ಶಿಕ್ಷಣದಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತಾದ ಎಐಸಿಟಿಇ ದೊಡ್ಡದೋ ಪಿಸಿಐ ದೊಡ್ಡದೋ ಎಂಬ ಜಗಳ ಬಹಳ ಕಾಲ ನಡೆದು, 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಪಿಸಿಐ ಮಾತೇ ಕೊನೆಯದು ಎಂದು ತೀರ್ಪು ಕೊಟ್ಟಿತು. ಅಷ್ಟಾದರೂ ಜಾಹೀರಾತುಗಳಲ್ಲಿ ಎರಡೂ ಹೆಸರು ಒಂದೇ ಗಾತ್ರದಲ್ಲಿ ಅಚ್ಚಾಗುತ್ತಲೇ ಇವೆ.

ಕೆನಡಾವನ್ನು ಆರಿಸಿಕೊಂಡದ್ದು ಪ್ರೀತಿಯಿಂದಲ್ಲ, ಅಮೆರಿಕದ ಬಾಗಿಲು ನನಗೆ ಮುಚ್ಚಿದ್ದರಿಂದ. ಅಲ್ಲಿ ಹೊರದೇಶದ ಪದವೀಧರರ ಅರ್ಹತೆ ನೋಡುವುದು ಎನ್‌ಎಬಿಪಿ ಎಂಬ ಸಂಸ್ಥೆ. ಅದು ನಡೆಸುವ ಪರೀಕ್ಷೆಯ ಹೆಸರು ಎಫ್‌ಪಿಜಿಇಇ. 2003ರ ಜನವರಿ 1ರ ನಂತರ ಪದವಿ ಪಡೆದವರದ್ದು ಕನಿಷ್ಠ ಐದು ವರ್ಷಗಳ ಫಾರ್ಮಸಿ ಕೋರ್ಸ್ ಆಗಿರಬೇಕು ಎಂಬುದು ಅದರ ನಿಯಮ. ನಮ್ಮ ಬಿ.ಫಾರ್ಮಾ ನಾಲ್ಕೇ ವರ್ಷ. ಅಮೆರಿಕ ತನ್ನ ಕಾಲೇಜುಗಳಲ್ಲೇ ಬಿ.ಫಾರ್ಮಾ ಮಟ್ಟದ ಪದವಿಯನ್ನು ನಿಲ್ಲಿಸಿ ಎಲ್ಲರಿಗೂ ಫಾರ್ಮ್ ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಎಂದು ಮಾಡಿಕೊಂಡ ಹೊತ್ತಿನ ನಿಯಮ ಇದು. ಕಾಲೇಜು ಎಷ್ಟೇ ಒಳ್ಳೆಯದಿದ್ದರೂ, ಅಂಕ ಎಷ್ಟೇ ಬಂದಿದ್ದರೂ ಒಂದು ವರ್ಷ ಕಡಿಮೆಯಾದರೆ ಅರ್ಜಿ ಒಳಗೆ ಹೋಗುವುದಿಲ್ಲ.

ಈ ಲೆಕ್ಕ ನಮ್ಮ ಮನೆಯಲ್ಲಿ ಇನ್ನೊಬ್ಬಳಿಗೆ ಉಪಯೋಗಕ್ಕೆ ಬಂತು. ವಿಜಯಪುರದಲ್ಲಿರುವ ನಮ್ಮ ಕಾಕಾನ ಮಗಳು ಪಿಯುಸಿ ಮುಗಿಸಿದ್ದಳು. ಕಾಕಾ ಫೋನ್ ಮಾಡಿ, "ತಂಗೀ, ನಾಲ್ಕು ವರ್ಷದ್ದು ಸಾಕೋ, ಆರು ವರ್ಷದ್ದು ಬೇಕೋ ಹೇಳು. ಎರಡು ವರ್ಷದ ಫೀಜು ಉಳಿದರೆ ಬೋರ್‌ವೆಲ್ ಹಾಕಿಸುತ್ತೇನೆ" ಎಂದರು. ಹುಡುಗಿಗೆ ಅಮೆರಿಕವೇ ಬೇಕಿತ್ತು. ಫಾರ್ಮ್ ಡಿ ಕೋರ್ಸ್ ನಮ್ಮಲ್ಲಿ 2008ರ ನಿಯಮಾವಳಿಯಿಂದ ಬಂದದ್ದು: ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅದು ಎನ್‌ಎಬಿಪಿಯ ಐದು ವರ್ಷದ ನಿಯಮವನ್ನು ದಾಟುತ್ತದೆ. ಆದರೆ ದಾಟಿದ ಮೇಲೂ ಅಂಕಪಟ್ಟಿಗಳ ಮೌಲ್ಯಮಾಪನ, ಇಂಗ್ಲಿಷ್ ಪರೀಕ್ಷೆ, ಎಫ್‌ಪಿಜಿಇಇ, ಆಯಾ ರಾಜ್ಯ ಹೇಳಿದಷ್ಟು ಗಂಟೆಗಳ ತರಬೇತಿ, ನ್ಯಾಪ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ, ಹೆಚ್ಚಿನ ರಾಜ್ಯಗಳಲ್ಲಿ ಕಾನೂನಿನ ಪರೀಕ್ಷೆ ಎಲ್ಲ ಇವೆ ಎಂದು ಹೇಳಿದೆ. "ಅಂದರೆ ಆರು ವರ್ಷ ಓದಿದ ಮೇಲೂ ಓದಬೇಕೇ?" ಎಂದು ಕಾಕಾ ಕೇಳಿದರು. ಬೋರ್‌ವೆಲ್ ಮುಂದಕ್ಕೆ ಹೋಯಿತು. ಹುಡುಗಿ ಫಾರ್ಮ್ ಡಿ ಸೇರಿದಳು.

ಇಷ್ಟೆಲ್ಲ ಯಾಕೆ ಎಂದು ನನಗೂ ಮೊದಲು ಸಿಟ್ಟು ಬಂದಿತ್ತು. ತವರಿನಲ್ಲಿ ಎಷ್ಟು ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದರೂ ಅತ್ತೆಯ ಮನೆಯ ಒಲೆಯ ಮುಂದೆ ಮತ್ತೊಮ್ಮೆ ಬಡಿದು ತೋರಿಸಬೇಕು, ಅದೇ ಕಥೆ. ಆದರೆ ನಮ್ಮ ಕಾಯ್ದೆಯೂ ಹಾಗೆಯೇ ಇದೆ. ಹೊರದೇಶದಲ್ಲಿ ಫಾರ್ಮಸಿ ಓದಿ ಬಂದವರು ಇಲ್ಲಿ ನೋಂದಣಿ ಕೇಳಿದರೆ ಆ ಪದವಿಯನ್ನು 14ನೇ ಕಲಮಿನಡಿ ಪಿಸಿಐ ಒಪ್ಪಿರಬೇಕು. ಔಷಧಿಯನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ಯಾವ ದೇಶವೂ ಇನ್ನೊಂದು ದೇಶದ ಫಲಕ ನೋಡಿ ತೀರ್ಮಾನಿಸುವುದಿಲ್ಲ. ಅಮೆರಿಕದ ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಸಿಪಿಇ ಹೊರದೇಶಗಳ ಕೋರ್ಸುಗಳನ್ನು ಪರಿಶೀಲಿಸಲು ಬೇರೆಯದೇ ವ್ಯವಸ್ಥೆ ಮಾಡಿಕೊಂಡಿದೆ. ಅದರಿಂದ ಒಪ್ಪಿಗೆ ಪಡೆದ ಕಾಲೇಜು ಹೆಮ್ಮೆ ಪಡಬಹುದು. ಅಲ್ಲಿಂದ ಹೊರಬಿದ್ದ ಹುಡುಗ ಮಾತ್ರ ಹೊರದೇಶದ ಪದವೀಧರರ ಸಾಲಿನಲ್ಲೇ ನಿಲ್ಲಬೇಕು.

ಕೆನಡಾದಲ್ಲಿ ನಾಲ್ಕು ವರ್ಷದ ಬಿ.ಫಾರ್ಮಾವನ್ನು ಪರಿಶೀಲನೆಗೆ ತೆಗೆದುಕೊಳ್ಳುತ್ತಾರೆ. ಡಿ.ಫಾರ್ಮಾ ಎಂಬ ಡಿಪ್ಲೊಮಾ ಒಂದರ ಮೇಲೆ ತೆಗೆದುಕೊಳ್ಳುವುದಿಲ್ಲ. ಮೊದಲು ಅಲ್ಲಿನ ನಿಯಂತ್ರಣ ಸಂಸ್ಥೆಗಳ ಒಕ್ಕೂಟವಾದ ನಾಪ್ರಾದ ಜಾಲತಾಣದಲ್ಲಿ ಹೆಸರು ಬರೆಸಿ ಒಂದು ಗುರುತಿನ ಸಂಖ್ಯೆ ಪಡೆಯಬೇಕು. ಆಮೇಲೆ ಟೊರೊಂಟೊದಲ್ಲಿರುವ ಪಿಇಬಿಸಿ, ಅಂದರೆ ಕೆನಡಾದ ಫಾರ್ಮಸಿ ಪರೀಕ್ಷಾ ಮಂಡಳಿಗೆ ದಾಖಲೆಗಳ ಪರಿಶೀಲನೆಗಾಗಿ ಅರ್ಜಿ. 1963ರಲ್ಲಿ ಶುರುವಾದ ಮಂಡಳಿ ಇದು. ಕ್ವಿಬೆಕ್ ಬಿಟ್ಟು ಉಳಿದ ಪ್ರಾಂತ್ಯಗಳಿಗೆ ಹೋಗುವ ದಾರಿ ಇದರ ಮೂಲಕವೇ. ದಾಖಲೆ ಒಪ್ಪಿತವಾದರೆ ಮೌಲ್ಯಮಾಪನ ಪರೀಕ್ಷೆ, ಅದು ಪಾಸಾದರೆ ಎರಡು ಭಾಗಗಳ ಅರ್ಹತಾ ಪರೀಕ್ಷೆ, ಆಮೇಲೆ ಪ್ರಾಂತ್ಯದ ನೋಂದಣಿ ಮತ್ತು ತರಬೇತಿ. ಓದಲು ನಾಲ್ಕು ಸಾಲು. ನನ್ನ ಹೆಸರಿನ ಹತ್ತಿರವೇ ಗಾಡಿ ನಿಂತಿತು.

ನಮ್ಮ ಕಡೆ ಹೆಸರು ಬರೆಯುವ ರೀತಿಗೆ ಒಂದು ಕ್ರಮ ಎಂಬುದಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಪೂರ್ತಿಯಾಗಿವೆ. ಪಿಯುಸಿಯಲ್ಲಿ ಅಡ್ಡಹೆಸರು ಮುಂದೆ ಬಂದಿದೆ. ಬಿ.ಫಾರ್ಮಾ ಪದವಿಪತ್ರದಲ್ಲಿ ನನ್ನ ಹೆಸರಿನ ಮುಂದೆ ಬರೀ ಎರಡು ಇನಿಷಿಯಲ್. ಪಾಸ್‌ಪೋರ್ಟ್ ಮದುವೆಯ ನಂತರದ್ದು, ಅದರಲ್ಲಿ ಅಪ್ಪ ಹೋಗಿ ಗಂಡ ಬಂದಿದ್ದಾರೆ, ಅಡ್ಡಹೆಸರೂ ಬದಲು. ಫಾರ್ಮಸಿ ಪರಿಷತ್ತಿನ ನೋಂದಣಿ ಇನಿಷಿಯಲ್ ಹೆಸರಿನಲ್ಲಿ. ಟೊರೊಂಟೊದಲ್ಲಿ ಕುಳಿತವರ ಕಣ್ಣಿಗೆ ಇವು ನಾಲ್ವರು ಬೇರೆ ಬೇರೆ ಹೆಂಗಸರು.

ನವನಗರದ ಜಿಲ್ಲಾ ನ್ಯಾಯಾಲಯದ ಹತ್ತಿರ ಕುಳಿತುಕೊಳ್ಳುವ ನೋಟರಿಯೊಬ್ಬರು ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ ನೋಡಿದರು. "ಅಕ್ಕಾವರೇ, ಇವೆಲ್ಲ ನೀವೇ ಎಂದು ನನಗೆ ಗೊತ್ತು. ಆದರೆ ಒಂದೊಂದು ಹೆಸರನ್ನೂ ಬರೆದು, ಅದು ಯಾವ ಕಾಗದದಲ್ಲಿದೆ ಎಂದು ಹೇಳಿ, ಎಲ್ಲವೂ ಒಬ್ಬರೇ ಎಂದು ಪ್ರಮಾಣ ಮಾಡಬೇಕು" ಎಂದರು. ಅಫಿಡವಿಟ್ ಇಂಗ್ಲಿಷ್‌ನಲ್ಲಿ ಬರೆಸಿ, ವಿವಾಹ ನೋಂದಣಿಯ ಪ್ರಮಾಣಪತ್ರವನ್ನು ಅದಕ್ಕೆ ಹೊಂದಿಸಿ, ಪ್ರತಿ ಜೆರಾಕ್ಸ್ ಮೇಲೂ ದುಂಡು ಮೊಹರು ಬೀಳಿಸಿಕೊಂಡು ಬಂದೆ. ನಮ್ಮ ಹಳೆಯ ಮನೆ ಆಲಮಟ್ಟಿಯ ಹಿನ್ನೀರಿನಲ್ಲಿ ಹೋಗಿದೆ. ಶಾಲೆಯ ದಾಖಲೆಯಲ್ಲಿ ಆ ಓಣಿಯ ವಿಳಾಸ, ಈಗಿನದರಲ್ಲಿ ಸೆಕ್ಟರ್ ನಂಬರು. ಪುಣ್ಯಕ್ಕೆ ಕೆನಡಾದವರು ಹೆಸರನ್ನಷ್ಟೇ ಕೇಳಿದರು. ವಿಳಾಸವನ್ನೂ ಕೇಳಿದ್ದರೆ ಮುಳುಗಡೆಯ ಇತಿಹಾಸವನ್ನೇ ನೋಟರಿ ಮಾಡಿಸಬೇಕಾಗುತ್ತಿತ್ತು.

ಇನ್ನು ನಾನು ಮುಟ್ಟಬಾರದ ಕಾಗದಗಳು. ನಾಲ್ಕು ವರ್ಷಗಳ ವಿಷಯವಾರು ಅಂಕಗಳಿರುವ ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದ ನೇರವಾಗಿ ಮಂಡಳಿಗೆ ಹೋಗಬೇಕು. ಪರವಾನಗಿಯ ಹೇಳಿಕೆ, ಅಂದರೆ ಇವರು ನಮ್ಮಲ್ಲಿ ನೋಂದಾಯಿತರು, ಇವರ ಮೇಲೆ ದೂರುಗಳಿಲ್ಲ ಎಂಬ ಪತ್ರ, ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಿಂದ ನೇರವಾಗಿ ಹೋಗಬೇಕು. ನನ್ನ ಕೈ ಸೋಂಕಿದರೆ ಅದು ಪುರಾವೆಯಾಗಿ ಉಳಿಯುವುದಿಲ್ಲ. "ನಿನ್ನ ಅಂಕಪಟ್ಟಿಯನ್ನು ನಿನ್ನ ಕೈಗೇ ಕೊಡುವುದಿಲ್ಲವೇ?" ಎಂದು ಅವ್ವ ಕೇಳಿದಳು. ಔಷಧಾಲಯದವಳಾಗಿ ನನಗೆ ಅದು ಅರ್ಥವಾಗುವ ಮಾತೇ. ಚೀಟಿಯನ್ನು ರೋಗಿಯೇ ತಿದ್ದಿ ತಂದರೆ ನಾವೂ ಔಷಧಿ ಕೊಡುವುದಿಲ್ಲ.

ವಿಶ್ವವಿದ್ಯಾಲಯವೂ ಪರಿಷತ್ತೂ ಇರುವುದು ಬೆಂಗಳೂರಿನಲ್ಲಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಊರು ಸೇರಬಹುದು. ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಒಂದು ಕೆಲಸ, ವಿಜಯನಗರದ ಪರಿಷತ್ತಿನಲ್ಲಿ ಇನ್ನೊಂದು. ಬಹಳಷ್ಟು ಕೆಲಸ ಈಗ ಜಾಲತಾಣದಲ್ಲೇ ಆಗುತ್ತದೆ. ಆದರೂ ಹೆಸರಿನ ಗೊಂದಲ ಇರುವವರು ಒಮ್ಮೆ ಮುಖ ತೋರಿಸಿ ಬರುವುದೇ ಮೇಲು ಎಂದು ನನಗನ್ನಿಸಿತು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ವಿಜಯಪುರದ ಹುಡುಗನೊಬ್ಬ ಡಿ.ಫಾರ್ಮಾ ಮುಗಿಸಿ ನೇರವಾಗಿ ಬಿ.ಫಾರ್ಮಾದ ಎರಡನೆಯ ವರ್ಷಕ್ಕೆ ಸೇರಿದವನು. ಅವನಿಗೆ ಎರಡೂ ಕೋರ್ಸುಗಳ ದಾಖಲೆ ಕೇಳಿದ್ದರಂತೆ. ಇನ್ನೊಬ್ಬ ದುಬೈಗೆ ಹೊರಟವನು. ಅಲ್ಲಿ ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ಕಾಲೇಜಿಗೂ ಕೆಲಸ ಮಾಡಿದ ಆಸ್ಪತ್ರೆಗೂ ಪತ್ರ ಬರೆದು, ಇದು ನಿಜವೇ ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. "ನಮ್ಮ ಹಳೆಯ ಮಾಲೀಕರು ಈಮೇಲ್ ನೋಡುವುದೇ ಇಲ್ಲ ಅಕ್ಕಾ" ಎಂಬುದು ಅವನ ಚಿಂತೆ. ಆ ಒಂದು ಸಾಲಿನಲ್ಲಿ ನಾನು ತಿಳಿದುಕೊಂಡಷ್ಟು ಯಾವ ಸಲಹೆಗಾರರೂ ಹೇಳಿರಲಿಲ್ಲ. ದುಡ್ಡೂ ಕೇಳಲಿಲ್ಲ.

ದಾಖಲೆಗಳು ಒಪ್ಪಿತವಾಗಿವೆ ಎಂಬ ಪತ್ರ ಕಾಯಿಸಿ ಬಂತು. ಈ ಸುದ್ದಿ ನಾನು ಓದಿದ ಕಾಲೇಜಿಗೆ ಹೇಗೋ ಮುಟ್ಟಿ, ಅಂತಿಮ ವರ್ಷದವರ ಜೊತೆ ಮಾತನಾಡಲು ಕರೆದರು. ಹೋಗಿ ನೋಡಿದರೆ ಸಭಾಂಗಣದ ಬಾಗಿಲಲ್ಲಿ ಒಂದು ದೊಡ್ಡ ಬ್ಯಾನರ್: ನಮ್ಮ ಕಾಲೇಜಿನ ಪದವಿಗೆ ಕೆನಡಾ ಸರ್ಕಾರದ ಮಾನ್ಯತೆ. ಪ್ರಾಚಾರ್ಯರು ನನ್ನ ಗುರುಗಳು, ಅವರ ಮೇಲೆ ನನಗೆ ಗೌರವವಿದೆ. "ಸರ್, ಇದು ಸರ್ಕಾರವಲ್ಲ, ಪರೀಕ್ಷಾ ಮಂಡಳಿ. ಕಾಲೇಜಿಗೆ ಕೊಟ್ಟದ್ದಲ್ಲ, ನನಗೆ ಒಬ್ಬಳಿಗೆ ಕೊಟ್ಟದ್ದು. ಅದೂ ಪರೀಕ್ಷೆಗೆ ಕೂರಬಹುದು ಎಂಬ ಅನುಮತಿ ಅಷ್ಟೇ" ಎಂದೆ. "ಹುಡುಗರಿಗೆ ಹುರುಪು ಬರಲಿ ಎಂದು ಬರೆಸಿದ್ದು ತಾಯಿ" ಎಂದರು. ಬ್ಯಾನರ್ ತೆಗೆಯಲಿಲ್ಲ. ನಾನು ವೇದಿಕೆಯ ಮೇಲೆ ಮೊದಲ ಹತ್ತು ನಿಮಿಷ ಅದರಲ್ಲಿ ಬರೆದದ್ದು ಯಾಕೆ ಸರಿಯಲ್ಲ ಎಂದು ಹೇಳಿದೆ. ಹುಡುಗರಿಗೆ ಹುರುಪು ಬಂತೋ ಇಲ್ಲವೋ, ಟಿಪ್ಪಣಿ ಮಾತ್ರ ಬರೆದುಕೊಂಡರು. ಆಸ್ಟ್ರೇಲಿಯಾ ಹೇಗೆ ಎಂದು ಒಬ್ಬಳು ಕೇಳಿದಳು. ಅಲ್ಲಿಯೂ ಬಿ.ಫಾರ್ಮಾದವರು ಅರ್ಜಿ ಹಾಕಬಹುದು, ಇಲ್ಲಿನ ನೋಂದಣಿ ಬೇಕು, ಕ್ಯಾಪ್ಸ್ ಎಂಬ ಪರೀಕ್ಷೆಯ ಬದಲು 2025ರಿಂದ ಓಪ್ರಾ ಎಂಬುದು ಬಂದಿದೆ, ಹಳೆಯ ಪುಸ್ತಕ ಕೊಳ್ಳಬೇಡ ಎಂದೆ. ಬ್ರಿಟನ್ನಿನದು ಬೇರೆ ದಾರಿ: ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಓಸ್‌ಪ್ಯಾಪ್ ಎಂಬ ಒಂದು ವರ್ಷದ ಕೋರ್ಸು, ಆಮೇಲೆ 52 ವಾರಗಳ ತರಬೇತಿ, ಕೊನೆಗೆ ಪರೀಕ್ಷೆ. ಅದರ ಶುಲ್ಕ ಕೇಳಿದ ಮೇಲೆ ಸಭೆಯಲ್ಲಿ ಬ್ರಿಟನ್ ಬಗ್ಗೆ ಮತ್ತೆ ಪ್ರಶ್ನೆ ಬರಲಿಲ್ಲ.

ಮೌಲ್ಯಮಾಪನ ಪರೀಕ್ಷೆಗೆ ಓದಲು ಕುಳಿತಾಗ ಈ ದೇಶಗಳೆಲ್ಲ ಏಕೆ ಇಷ್ಟು ತಡೆಯುತ್ತವೆ ಎಂಬುದು ಪುಸ್ತಕದ ಮೊದಲ ಅಧ್ಯಾಯದಲ್ಲೇ ತಿಳಿಯಿತು. ನಮ್ಮ ದೇಶದಲ್ಲಿ ಫಾರ್ಮಸಿಯ ಉನ್ನತ ಶಿಕ್ಷಣ ಆರಂಭವಾದದ್ದು 1932ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಮಹಾದೇವ ಲಾಲ್ ಶ್ರಾಫ್ ಅವರಿಂದ. ಅಮೆರಿಕದ ಎಸಿಪಿಇ ಹುಟ್ಟಿದ್ದೂ ಅದೇ ವರ್ಷ. ಅಲ್ಲಿಂದ ಎರಡು ದೇಶಗಳ ದಾರಿ ಬೇರೆಯಾಯಿತು. ಅವರ ಫಾರ್ಮಸಿಸ್ಟ್ ಬರಬರುತ್ತ ರೋಗಿಯ ಹಾಸಿಗೆಯ ಹತ್ತಿರ ಬಂದ. ನಮ್ಮವನು ಕಾರ್ಖಾನೆಯ ಹತ್ತಿರ ಹೋದ. ದೇಶಕ್ಕೆ ಅಗ್ಗದ ಔಷಧಿ ಮಾಡುವವರು ಬೇಕಿದ್ದರು, ಮಾಡಿದೆವು, ಅದರಲ್ಲಿ ನಾಚಿಕೆಯೇನೂ ಇಲ್ಲ. ನಾನು ಬಿ.ಫಾರ್ಮಾದಲ್ಲಿ ಗುಳಿಗೆ ಒತ್ತುವ ಯಂತ್ರ ತಿರುಗಿಸಿದ್ದೇನೆ, ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿ ಬೇರು ಸೊಪ್ಪುಗಳ ಸಾರ ತೆಗೆದಿದ್ದೇನೆ, ಮಸಿ ಹಿಡಿದ ಕಾಗದದ ಮೇಲೆ ಕರುಳಿನ ತುಂಡಿನ ಕುಗ್ಗುವಿಕೆ ಗೀಚಿಸಿದ್ದೇನೆ. ಒಬ್ಬ ರೋಗಿಯ ಎದುರು ಕುಳಿತು ಮಾತನಾಡಿದ್ದಕ್ಕೆ ಮಾತ್ರ ಒಂದು ಅಂಕವೂ ಸಿಕ್ಕಿಲ್ಲ.

ಪುಸ್ತಕದಲ್ಲಿದ್ದದ್ದು ಬರೀ ರೋಗಿಗಳು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವ ಹಿರಿಯರಿಗೆ ಹಲ್ಲಿನ ವೈದ್ಯರು ಸೋಂಕಿಗೆಂದು ಮೆಟ್ರೊನಿಡಜೋಲ್ ಬರೆದಿದ್ದಾರೆ, ಏನು ಮಾಡುತ್ತೀರಿ? ರಕ್ತ ತೆಳುವಾಗುವುದು ಹೆಚ್ಚುತ್ತದೆ, ವೈದ್ಯರಿಗೆ ಫೋನ್ ಮಾಡಬೇಕು. ಮೆಟ್‌ಫಾರ್ಮಿನ್ ನುಂಗುವ ಸಕ್ಕರೆ ಕಾಯಿಲೆಯವರ ಮೂತ್ರಪಿಂಡದ ಸೋಸುವ ಪ್ರಮಾಣ 30ಕ್ಕಿಂತ ಕೆಳಗೆ ಇಳಿದಿದೆ, ಮುಂದೆ? ನಿಲ್ಲಿಸಲು ಹೇಳಬೇಕು. ಅದರ ಮೇಲೆ ಅಳತೆಗಳೇ ಬೇರೆ. ನಾವು ಉಪವಾಸದ ಸಕ್ಕರೆ 126 ಎನ್ನುವುದನ್ನು ಅವರು 7 ಎನ್ನುತ್ತಾರೆ. ನಮ್ಮ ಕ್ರಿಯಾಟಿನಿನ್ 1 ಅವರಿಗೆ 88. ಮೊದಲ ವಾರಗಳಲ್ಲಿ ಸಕ್ಕರೆಯ ಪ್ರತಿಯೊಂದು ಸಂಖ್ಯೆಯನ್ನೂ 18ರಿಂದ ಗುಣಿಸಿ ಭಾಗಿಸಿ ನನಗೇ ತಲೆನೋವು ಬಂದಿತು. ಇನ್ನು ಆಲ್ಬರ್ಟಾ ಪ್ರಾಂತ್ಯದಲ್ಲಿ 2007ರಿಂದ ಫಾರ್ಮಸಿಸ್ಟರಿಗೆ ಔಷಧಿ ಬರೆದುಕೊಡುವ ಅಧಿಕಾರವೇ ಇದೆ ಎಂದು ಓದಿದ ದಿನ ಕೌಂಟರಿನಲ್ಲಿ ನಿಂತು ಸಹೋದ್ಯೋಗಿಗೆ ಹೇಳಿದೆ. ಅಷ್ಟರಲ್ಲಿ ಒಬ್ಬರು ಬಂದು, "ಆ ಕೆಂಪು ಬಣ್ಣದ ಗುಳಿಗೆ ಕೊಡಿ, ಹೋದ ಸಲ ಕೊಟ್ಟಿದ್ದರಲ್ಲ" ಎಂದರು.

ಪರೀಕ್ಷೆಯನ್ನು ಬೆಂಗಳೂರಿನ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಬರೆದೆ. ಪಾಸಾಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಬಳೆ ತೆಗೆಸಿ ತಪಾಸಣೆ ಮಾಡಿದ್ದು ನೆನಪಿದೆ, ಅಷ್ಟೇ.

ಈಗ ಅರ್ಹತಾ ಪರೀಕ್ಷೆಗೆ ತಯಾರಿ ನಡೆದಿದೆ. ಒಂದನೆಯ ಭಾಗ ಆಯ್ಕೆಯ ಪ್ರಶ್ನೆಗಳು. ಎರಡನೆಯ ಭಾಗವನ್ನು ಕೆನಡಾಕ್ಕೇ ಹೋಗಿ ಕೊಡಬೇಕು. ಸಾಲಾಗಿ ಕೋಣೆಗಳಿರುತ್ತವೆ, ಹಲವು ಕೋಣೆಗಳಲ್ಲಿ ರೋಗಿಯ ಪಾತ್ರ ಮಾಡುವ ಒಬ್ಬರು ಕುಳಿತಿರುತ್ತಾರೆ, ಕೆಲವೇ ನಿಮಿಷಗಳಲ್ಲಿ ಅವರನ್ನು ಮಾತನಾಡಿಸಿ ತೊಂದರೆ ಕಂಡುಹಿಡಿದು ಸಲಹೆ ಕೊಡಬೇಕು. ಮನೆಯಲ್ಲಿ ರೋಗಿಯ ಪಾತ್ರ ನಮ್ಮ ಅತ್ತೆಯವರದು. ಬರೆದುಕೊಟ್ಟ ಮಾತುಗಳನ್ನು ಅವರು ಎಂದೂ ಹೇಳುವುದಿಲ್ಲ, ತಮ್ಮದೇ ಕಾಯಿಲೆ ಹೇಳುತ್ತಾರೆ. ಮೊನ್ನೆ ಹಾಗೆಯೇ ಕೇಳುತ್ತ ಹೋದಾಗ, ಬೆಳಿಗ್ಗೆ ಥೈರಾಯ್ಡ್ ಗುಳಿಗೆಯನ್ನೂ ಕ್ಯಾಲ್ಸಿಯಂ ಗುಳಿಗೆಯನ್ನೂ ಒಟ್ಟಿಗೆ ಚಹಾದ ಜೊತೆ ನುಂಗುತ್ತಿದ್ದಾರೆ ಎಂದು ತಿಳಿಯಿತು. ಥೈರಾಯ್ಡ್ ಗುಳಿಗೆಯನ್ನು ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಳ್ಳಬೇಕು, ಕ್ಯಾಲ್ಸಿಯಂಗೂ ಅದಕ್ಕೂ ನಾಲ್ಕು ತಾಸು ಅಂತರವಿರಬೇಕು, ಇಲ್ಲದಿದ್ದರೆ ಅದು ಮೈಗೆ ಹತ್ತುವುದಿಲ್ಲ ಎಂದು ಇಂಗ್ಲಿಷ್‌ನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದೆ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಅತ್ತೆ ಕೇಳಿದರು.

"ನೀವು ಕೇಳಿರಲಿಲ್ಲವಲ್ಲ ಅತ್ತೀ."

ಗಡಿಯಾರ ಹಿಡಿದು ಕುಳಿತಿದ್ದ ನಮ್ಮವರು ಈ ಉತ್ತರಕ್ಕೆ ಅಂಕ ಇಲ್ಲ ಎಂದರು.